ಲೋಟದೊಳಗೆ ಇಳಿದ ಬಿಳಿ ಎಳೆ

ಅಕ್ಕ ನನ್ನ ಮೇಲೆ ಕೊನೆಯ ಸಲ ರೇಗಿದ್ದು ಒಂದು ಗಾಜಿನ ಲೋಟದ ವಿಷಯಕ್ಕೆ. ಆ ದಿನ ಬೇರೇನೂ ವಿಶೇಷವಿರಲಿಲ್ಲ. ಉಪ್ಪಿಟ್ಟು ತಿಂದು, ಲಕ್ಷ್ಮೀಪುರಂನ ಮನೆಯಿಂದ ಇಬ್ಬರೂ ನನ್ನ ಸ್ಕೂಟರಿನಲ್ಲಿ ಬೋಗಾದಿಗೆ ಹೋಗಿದ್ದೆವು. ಅಲ್ಲಿ ಅವಳದೊಂದು ಖಾಲಿ ಸೈಟಿತ್ತು. ಸುತ್ತ ಎಲ್ಲರೂ ಮಹಡಿ ಮೇಲೆ ಮಹಡಿ ಏರಿಸುತ್ತಿದ್ದರೆ ಅಕ್ಕ ಅಗಸೆ ಬೆಳೆಯುತ್ತಿದ್ದಳು. ಅಗಸೆಯ ಹೂವನ್ನು ನೀವು ನೋಡಿದ್ದೀರೋ ಇಲ್ಲವೋ. ತಿಳಿನೀಲಿ. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರಿಹೋಗುತ್ತದೆ. ನನ್ನಂಥ ಸೋಮಾರಿಗಳು ಹೋಗುವ ಹೊತ್ತಿಗೆ ಅದು ಬರೀ ಹುಲ್ಲು.

ಅಕ್ಕ ಗಿಡಗಳ ರೋಗ ಪರೀಕ್ಷಿಸುವ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದವಳು. ನಿವೃತ್ತಿಯಾದ ಮೇಲೂ ಆ ಕಣ್ಣು ಹೋಗಲಿಲ್ಲ. ಯಾರದೇ ಮನೆಗೆ ಹೋದರೂ ಮೊದಲು ಕುಂಡದ ಎಲೆ ಮಗುಚಿ ನೋಡುವಳು, ಆಮೇಲೆ ಮನೆಯವರ ಯೋಗಕ್ಷೇಮ. ಆ ದಿನ ನಾಲ್ಕಾರು ಅಗಸೆ ಗಿಡಗಳು ತಲೆ ಬಗ್ಗಿಸಿದ್ದವು. ನೀರು ಸಾಲದೇನೋ ಅಂದೆ. "ಮಣ್ಣು ಒದ್ದೆ ಇದೆ ಕಣೋ, ನಿನಗೆ ಕಣ್ಣಿಲ್ವಾ?" ಎಂದು ದಪ್ಪ ಕಾಂಡವೊಂದನ್ನು ಬುಡದಲ್ಲಿ ಕತ್ತರಿಸಿದಳು. ಅವಳು ಹೇಳಿದ್ದಕ್ಕೆ ನಾನು ಮನೆಯಿಂದ ತಂದಿದ್ದ ಗಾಜಿನ ಲೋಟಕ್ಕೆ ನೀರು ಹಾಕಿ, ಕಾಂಡವನ್ನು ದಾರ ಕಟ್ಟಿ ತುದಿ ಮಾತ್ರ ಮುಳುಗುವಂತೆ ಇಳಿಬಿಟ್ಟಳು. ಇಳಿಬಿಡುವಾಗಲೇ ನೀರು ಮಬ್ಬಾಗಿತ್ತು. ಅಕ್ಕ ಲೋಟ ಮೂಸಿದಳು.

"ಲೋ, ಬೆಳಿಗ್ಗೆ ಹಾಲು ಕುಡಿದ ಲೋಟಾನೇ ತಂದಿದೀಯಲ್ಲೋ! ತೊಳೆಯೋಕೂ ಆಗ್ಲಿಲ್ವಾ ನಿನಗೆ?"

ಪಕ್ಕದ ಮನೆಯ ಮಂಜುಳಮ್ಮನ ನಲ್ಲಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು ತಂದೆ. ಹೊಸ ನೀರು, ಹೊಸ ಕಾಂಡ. ಐದು ನಿಮಿಷ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ಕತ್ತರಿಸಿದ ತುದಿಯಿಂದ ತೆಳ್ಳಗೆ ಬಿಳಿ ಎಳೆಯೊಂದು ಇಳಿಯತೊಡಗಿತು.

"ನೋಡು, ಈಗಲೂ ಹಾಲೇ," ಎಂದು ನಕ್ಕೆ. ಅಕ್ಕ ನಗಲಿಲ್ಲ.

"ಹಾಲು ಹೊಗೆ ಥರ ಹರಡುತ್ತೆ. ಇದು ದಾರದ ಥರ ಇಳೀತಿದೆ. ಬ್ಯಾಕ್ಟೀರಿಯಾ ಕಣೋ. ಫಂಗಸ್ ಆಗಿದ್ರೆ ಹೀಗೆ ಬರಲ್ಲ. ಬೀಜಕ್ಕೂ ಹತ್ತಿರಬಹುದು, ಒಂದು ಕಾಳೂ ಇಟ್ಕೋಬಾರದು. ನಾಳೆ ಬಂದು ಎಲ್ಲ ಕಿತ್ತು ಸುಟ್ಟುಬಿಡೋಣ."

ಮರುದಿನ ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಕುಸಿದಳು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು.

ತಿಥಿಯೆಲ್ಲ ಮುಗಿದು ನಾನು ಬೋಗಾದಿಗೆ ಹೋಗುವ ಹೊತ್ತಿಗೆ ಅರ್ಧಕ್ಕರ್ಧ ಗಿಡ ಸತ್ತಿದ್ದವು. ಉಳಿದವು ಕಾಯಿ ಕಟ್ಟಿ ಒಣಗಿ ನಿಂತಿದ್ದವು. ಅವಳ ಮಾತು ಮರೆತಿರಲಿಲ್ಲ. ಆದರೂ ಚೆನ್ನಾಗಿ ಕಂಡ ಗಿಡಗಳ ಬೀಜ ಬಡಿದು, ಕೇರಿ, ಡಬ್ಬಿಗೆ ತುಂಬಿದೆ. ಅವಳು ಕೈಯಾರೆ ಬಿತ್ತಿದ್ದು. ಒಂದೊಂದು ಸಲ ಡಬ್ಬಿಗೆ ಕೈ ಹಾಕುತ್ತಿದ್ದೆ. ಅಗಸೆ ಎಷ್ಟು ನುಣುಪೆಂದರೆ ಬೆರಳ ಸಂದಿಯಲ್ಲಿ ನಿಲ್ಲುವುದೇ ಇಲ್ಲ.

ಈ ವರ್ಷ ಮಂಜುಳಮ್ಮ ಕೇಳಿದರು. "ಅಣ್ಣಾ, ಅಕ್ಕಾವ್ರ ಬೀಜ ಒಂದ್ ಹಿಡಿ ಕೊಡಿ. ನಮ್ಮೂರ ಹೊಲದಲ್ಲಿ ಹಾಕ್ತೀವಿ. ಅವ್ರ ಹೆಸರು ಉಳೀತದೆ." ಆ ಮಾತಿಗೆ ನನ್ನ ಜೀವ ಎಷ್ಟು ಆಸೆಪಟ್ಟಿತೆಂದು ಹೇಳಲಾರೆ. ಕೊಡುತ್ತೇನೆ ಅಂದೂಬಿಟ್ಟೆ. ಮನೆಗೆ ಬಂದ ಮೇಲೆ ಭಯವಾಯಿತು. ಮೊದಲು ತಾರಸಿಯ ಕುಂಡಗಳಲ್ಲಿ ಬಿತ್ತಿ ಕಾದೆ. ಮೊಣಕಾಲೆತ್ತರ ಬಂದವು. ಮೂರು ಗಿಡ ತಲೆ ಬಗ್ಗಿಸಿದವು.

ಲೋಟವನ್ನು ಮೂರು ಸಲ ತೊಳೆದೆ. ಹಾಲಿನ ಸಹವಾಸವೇ ಬೇಡವೆಂದು ಆ ದಿನ ಬರೀ ಕರಿ ಕಾಫಿ ಕುಡಿದೆ. ಕಾಂಡ ಇಳಿಬಿಟ್ಟು, ಅವಳಂತೆಯೇ ಕುಕ್ಕರುಗಾಲಲ್ಲಿ ಕೂತೆ. ಹೊಗೆಯಂತೆ ಹರಡಲೆಂದು ಬೇಡಿಕೊಂಡೆ, ನಗಬೇಡಿ. ದಾರದಂತೆಯೇ ಇಳಿಯಿತು. ಉಳಿದೆರಡು ಗಿಡಗಳಲ್ಲೂ ಅಷ್ಟೇ.

ಮಂಜುಳಮ್ಮನಿಗೆ ಹೋಗಿ ಹೇಳಿದೆ. "ಬುಡಿ ಅಣ್ಣಾ, ಬೀಜ ಬೇರೆ ಕಡೆ ತಂದ್ಕೊಂಡ್ರಾಯ್ತು. ಅಕ್ಕಾವ್ರಿದ್ದಿದ್ರೂ ಇದನ್ನೇ ಹೇಳೋರು," ಎಂದರು.

ಕುಂಡದ ಗಿಡಗಳನ್ನೂ ಡಬ್ಬಿಯ ಬೀಜವನ್ನೂ ತಾರಸಿಯ ಮೇಲೆ ಸುಟ್ಟೆ. ಬೀಜ ಚಟಪಟ ಸಿಡಿಯಿತು. ಹುರಿದ ಅಗಸೆಯ ಘಮ ಬೀದಿಯವರೆಗೂ ಹೋಯಿತಂತೆ. ಚಟ್ನಿಪುಡಿ ಮಾಡುತ್ತಿದ್ದೀರಾ ಎಂದು ಎದುರು ಮನೆಯವರು ಕೇಳಿದರು. ಹೂಂ ಅಂದೆ.

ಅಕ್ಕ ಬಿತ್ತಿದ ಅಗಸೆಯದು ಒಂದು ಕಾಳೂ ಈಗ ಮನೆಯಲ್ಲಿಲ್ಲ.