ಉಸಿರು ನಿಂತದ್ದಕ್ಕೆ ಸಾಕ್ಷಿ

“ಮಾಷೇ, ನಿನ್ನೆ ನೀವು ಸತ್ತಿರಿ ಅಂತಲೇ ಎಣಿಸಿದೆ ಮಾರಾಯ್ರೆ.”

ನಾನು ಕಾಸರಗೋಡು ಸೀಮೆಯ ಉಪ್ಪಳಕ್ಕೆ ಬಂದು ತಿಂಗಳಾಗಿರಲಿಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುತ್ತ ಹೀಗೆಂದವರು ಮನೆಯೊಡತಿ ಲಿಲ್ಲಿ ಬಾಯಮ್ಮ, ಕೊಂಕಣಿ ಮನೆಮಾತಿನ ಕ್ರೈಸ್ತರು. ಮಾಷ್ ಎಂದರೆ ಇಲ್ಲಿ ಮೇಷ್ಟ್ರು. ಹಂಚಿನ ಮನೆ, ಅವರ ಕೋಣೆಗೂ ನಾನು ಬಾಡಿಗೆಗಿರುವ ಕೋಣೆಗೂ ನಡುವಿನ ಗೋಡೆ ಛಾವಣಿಯನ್ನು ಮುಟ್ಟುವುದಿಲ್ಲ.

“ನಿಮ್ಮ ಗೊರಕೆ ಇದ್ರೆ ನನಗೆ ಒಳ್ಳೆ ನಿದ್ರೆ. ಅದು ನಿಂತ್ರೆ ಎಚ್ಚರ ಆಗ್ತದೆ. ಎಂತ, ಉಸಿರು ಉಂಟಾ ಇಲ್ವಾ ಅಂತ ಕೂತು ಕೇಳುದು.”

ಮನೆ ಬಿಡಿಸುವ ಉಪಾಯವಿರಬೇಕೆಂದು ಸಂಶಯಪಟ್ಟೆ. ವಿಜಯಪುರಕ್ಕೆ ಫೋನ್ ಮಾಡಿದರೆ ಅವ್ವ, “ನಮ್ಮ ಮನ್ಯಾಗ ಯಾರೂ ಗೊರಕಿ ಹೊಡಿಯಂಗಿಲ್ಲ. ಆ ಊರ ನೀರು ನಿನಗ ಒಗ್ಗಿಲ್ಲ,” ಎಂದಳು. ನನ್ನ ನೆನಪೂ ಅದನ್ನೇ ಹೇಳಿತು. ಆದರೆ ಅಲ್ಲಿ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಯಾವ ಗೊರಕೆ ಯಾರದೆಂದು ಯಾರು ಗಮನಿಸಿದ್ದರು?

ಪೆರ್ಲದ ಕಡೆ ಪಾಠಕ್ಕೆ ಹೋಗುವಾಗ ಒಮ್ಮೆ ಸ್ಕೂಟರ್ ರಸ್ತೆಯಂಚಿಗೆ ಇಳಿದ ಮೇಲೆ ಎಚ್ಚರವಾಯಿತು. ಹೆದರಿ ಕಾಸರಗೋಡಿನ ಡಾಕ್ಟರ ಬಳಿ ಹೋದೆ.

“ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರ್ಬಹುದು. ಟೆಸ್ಟ್ ಮನೆಯಲ್ಲೂ ಆಗ್ತದೆ. ಲ್ಯಾಬಾದ್ರೆ ಒಂದು ರಾತ್ರಿ ಅಲ್ಲೇ ಮಲಗ್ಬೇಕು. ಬೈಸ್ಟ್ಯಾಂಡರ್ ಯಾರಿದ್ದಾರೆ?”

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿಯುವವರಿಗೆ ಇಲ್ಲಿನ ಹೆಸರು ಅದು. ನನಗೆ ಯಾರೂ ಇರಲಿಲ್ಲ. ಬೇರೆ ಹಾಸಿಗೆಯಲ್ಲಿ ನಿದ್ರೆ ಬರುವುದಿಲ್ಲ ಎಂದು ಹೇಳಿ ಮನೆಯ ಪರೀಕ್ಷೆಯನ್ನೇ ಆರಿಸಿಕೊಂಡೆ. ಆ ಕಾರಣ ಎಷ್ಟು ನಿಜವೋ ಈಗಲೂ ತಿಳಿಯದು.

ಎದೆಗೆ ಪಟ್ಟಿ, ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್ಪು ಕಟ್ಟಿಕೊಂಡು ಮಲಗಿದೆ. ಫಲಿತಾಂಶದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಗೆದ್ದವನಂತೆ ಬಾಯಮ್ಮನಿಗೆ ತಿಳಿಸಿದೆ.

“ಆ ಮೆಷಿನ್ ಸುಳ್ಳು. ನೀವು ಆ ದಿನ ಮಲಗಿದ್ದು ಹೌದಾ? ಹೊರಳಿ ಹೊರಳಿ ಮಂಚ ಮುರಿಯುದೊಂದು ಬಾಕಿ. ಗೊರಕೆಯೂ ಇಲ್ಲ, ನನಗೆ ನಿದ್ರೆಯೂ ಇಲ್ಲ!”

ಚೆನ್ನಾಗಿ ನಿದ್ರಿಸಿದ್ದೆ ಎಂದೇ ನನ್ನ ನೆನಪು. ಆದರೂ ಈ ಮಾತನ್ನು ಡಾಕ್ಟರಿಗೆ ಮುಟ್ಟಿಸಿದೆ. ಆ ಯಂತ್ರ ಉಸಿರನ್ನು ಅಳೆಯುತ್ತದೆ, ಮಲಗಿದವನು ನಿದ್ರಿಸಿದ್ದಾನೋ ಇಲ್ಲವೋ ಅದಕ್ಕೆ ತಿಳಿಯದು, ಲ್ಯಾಬಿನಲ್ಲಿ ಮಿದುಳಿನ ಅಲೆಗಳನ್ನೂ ನೋಡುತ್ತಾರೆ ಎಂದರು. “ಅವರು ಹೇಳಿದ್ದನ್ನು ನಾನು ನಂಬ್ತೇನೆ. ಲ್ಯಾಬಿಗೆ ಹೋಗಿ. ಅಲ್ಲಿವರೆಗೆ ಸ್ಕೂಟರ್ ಬೇಡ.”

ಈಗ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಬೈಸ್ಟ್ಯಾಂಡರ್ ಇಲ್ಲವೆಂದು ಬಾಯಮ್ಮನಿಗೆ ಸಂಕೋಚದಿಂದಲೇ ಹೇಳಿದೆ. ಕೇಳಿ ಅವರು ನಕ್ಕರು.

“ನಾನಿಲ್ವಾ? ನೀವು ಇಲ್ಲದಿದ್ರೆ ಆ ರಾತ್ರಿ ನನಗೆ ಇಲ್ಲಿ ನಿದ್ರೆ ಹೇಗೂ ಬರುದಿಲ್ಲ.”

ಇದರಲ್ಲೂ ಏನೋ ಇರಬೇಕೆಂದು ಒಂದು ಕ್ಷಣ ಅನುಮಾನಿಸಿದೆ. ಲ್ಯಾಬಿನ ಸುದ್ದಿ ಅವ್ವನಿಗೆ ಮೊದಲೇ ತಿಳಿಸಿದ್ದೆ. ಅಷ್ಟರಲ್ಲಿ ಅವಳ ಫೋನ್.

“ಅಲ್ಲಿ ನಿನಗ ಯಾರದಾರೋ? ಊರಿಗೆ ಬಾ. ದವಾಖಾನಿಗೆ ನಿಮ್ಮಣ್ಣ ಬರ್ತಾನ.”

“ಇಲ್ಲೂ ಒಬ್ಬರು ಬರ್ತಾರವ್ವ.”

“ಯಾರು? ನಮ್ಮವರೇನು?”

“ನನ್ನ ಗೊರಕಿ ನಿಂತ್ರ ಎದ್ದು ಕೂಡೋರವ್ವ,” ಎಂದೆ.