ಹಾಲೆಂಡಿನ ಚರ್ಚಿನಲ್ಲಿ ಡಾಕ್ಟರಮ್ಮ

ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಮೈಸೂರಿನ ಡಾಕ್ಟರಮ್ಮನಿಗೆ ನಿಧಾನವೆಂಬುದೇ ಗೊತ್ತಿರಲಿಲ್ಲ. ಲಿಫ್ಟಿಗೂ ಅರಬ್ಬರಂತೆ "ಯಲ್ಲಾ, ಯಲ್ಲಾ, ಬೇಗ" ಎನ್ನುತ್ತಲೇ ಓಡುತ್ತಿದ್ದರು. ಎಂಬತ್ತರ ದಶಕದ ಒಂದು ರಜೆಯಲ್ಲಿ ನಾವಿಬ್ಬರೂ ಹಾಲೆಂಡಿಗೆ ಹೋದೆವು. ಅಲ್ಲಿನ ಹಳೆಯ ಚರ್ಚಿನಲ್ಲಿ ಆರ್ಗನ್ ಎಂಬ ದೊಡ್ಡ ವಾದ್ಯವನ್ನು ಕಾಲಿನಿಂದಲೂ ನುಡಿಸುತ್ತಾರೆಂದು ನಾನು ಹೇಳಿದ್ದೇ ತಡ, ನೋಡಲೇಬೇಕೆಂದು ಹಟ ಹಿಡಿದರು.

ನಾವು ಒಳಗೆ ಹೋದಾಗ ಆರ್ಗನಿಸ್ಟ್ ಅಂದಿನ ಕೊನೆಯ ಪೀಸ್ ನುಡಿಸಲು ಶುರು ಮಾಡಿದ್ದ. ಮುಂದೆ ಓಡಿದ ಡಾಕ್ಟರಮ್ಮ ಅರ್ಧದಲ್ಲೇ ನಿಂತರು. ನೆಲದ ಕಲ್ಲುಗಳ ತುಂಬ ಸತ್ತವರ ಹೆಸರು.

"ಅಯ್ಯೋ, ಎಲ್ಲಾ ಗೋರಿ ಕಣ್ರೀ! ಹೇಗ್ರೀ ತುಳಿಯೋದು?"

"ಬನ್ನಿ ಡಾಕ್ಟ್ರೇ, ದೇ ವೋಂಟ್ ಮೈಂಡ್."

"ನೀವು ಓದಿದ ಕಾನ್ವೆಂಟಲ್ಲಿ ಇದನ್ನೇ ಕಲ್ಸಿದ್ದಾ?"

ಹೆಜ್ಜೆಗೊಮ್ಮೆ ಬಗ್ಗಿ, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾ ಹೊರಟರು. ಏನೋ ಕಳೆದುಕೊಂಡಿದ್ದಾರೆಂದು ಚರ್ಚಿನ ಮುದಿ ಕಾವಲುಗಾರ ತಾನೂ ನೆಲ ಹುಡುಕತೊಡಗಿದ. ಅಷ್ಟರಲ್ಲಿ ಸಂಗೀತ ನಿಂತಿತು. ಡಾಕ್ಟರಮ್ಮನ ಮುಖ ಬಾಡಿತು. ನಾನು ವಿಷಯ ತಿಳಿಸಿದಾಗ ಆತ ಜೋರಾಗಿ ನಕ್ಕು, ಎದ್ದು ಹೊರಟಿದ್ದ ಆರ್ಗನಿಸ್ಟನನ್ನು ಕೂಗಿ ಮತ್ತೆ ಕೂರಿಸಿ, ನಮ್ಮನ್ನು ಆರ್ಗನ್ ಇದ್ದ ಮೇಲಿನ ಅಟ್ಟಕ್ಕೆ ಕರೆದೊಯ್ದ.

ಮರದ ಪೆಡಲುಗಳ ಮೇಲೆ ಆರ್ಗನಿಸ್ಟನ ಎರಡು ಪಾದಗಳು ಓಡಾಡಿದಂತೆ ಇಡೀ ಚರ್ಚು ಗುಡುಗಿತು. ಡಾಕ್ಟರಮ್ಮ ನನ್ನ ಕೈಯನ್ನು ನೋಯುವಷ್ಟು ಹಿಡಿದು ಕಿವಿಯಲ್ಲಿ ಕೂಗಿದರು: "ಈ ಕಾಲಿಗೆ ಅಡ್ಡಬೀಳ್ಬೇಕು ಕಣ್ರೀ!"