ಹಕ್ಕಿಗೆ ಬಿಟ್ಟ ನೀರು

ಯಳಂದೂರು ಕಡೆಯ ಆ ಸಣ್ಣ ಊರಿನಲ್ಲಿ ಶಾನುಭೋಗರ ಮಾತಿಗೂ ಎದುರುಮಾತು ಇತ್ತು, ನೀರುಗಂಟಿ ಪುಟ್ಟಮಾದಯ್ಯನ ಮಾತಿಗೆ ಇರಲಿಲ್ಲ. ಕೆರೆಯ ತೂಬು ಎತ್ತುವವನೂ ಅವನೇ, ಮುಚ್ಚುವವನೂ ಅವನೇ. ತಲೆಗದ್ದೆಯ ಗೌಡರಿಗೂ ಕಟ್ಟಕಡೆಯ ಗದ್ದೆಯ ಒಂಟಿ ಹೆಂಗಸು ಶಿವನಂಜಮ್ಮನಿಗೂ ಒಂದೇ ಅಳತೆಯ ನೀರು. ಗೌಡರು ಮುಖ ಗಂಟಿಕ್ಕಿದರೆ ಸನಿಕೆಯನ್ನು ಹೆಗಲಿಗೇರಿಸಿ ನಡೆದುಬಿಡುತ್ತಿದ್ದ. ಅವನಿಗಿದ್ದ ಆಸ್ತಿ ಈ ಹೆಸರೊಂದೇ. ಅದರ ಜೊತೆಗೆ ಒಂದಿಷ್ಟು ಜಂಬವೂ ಇತ್ತೆನ್ನಿ, ಕೆಲಸ ಕೆಟ್ಟಿದ್ದು ಅದರಿಂದಲೇ.

ಸಾವಿರದ ಒಂಬೈನೂರ ಅರವತ್ತೈದರ ಸುಮಾರಿಗೆ ಮೈಸೂರಿನ ಕಾಲೇಜು ಮೇಷ್ಟ್ರೊಬ್ಬರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಸ್ಸಿಳಿದು ಬಂದರು. ಸಮುದ್ರದ ದಂಡೆಯಲ್ಲಿ ಚಳಿಗಾಲ ಕಳೆಯುವ ಸಣ್ಣ ಕೆಸರುಹಕ್ಕಿಗಳು ಯುಗಾದಿಯ ಹೊತ್ತಿಗೆ ಬಡಗಣ ದಿಕ್ಕಿಗೆ ಹಾರುತ್ತವಂತೆ, ದಾರಿಯಲ್ಲಿ ಇಂಥ ಕೆರೆಗಳಲ್ಲಿ ಇಳಿಯುತ್ತವೋ ಇಲ್ಲವೋ ನೋಡಬೇಕಂತೆ. ದಿನಾ ಬೆಳಿಗ್ಗೆ ಕೆರೆ ಅಂಚನ್ನು ಗಮನಿಸು, ಹಬ್ಬ ಕಳೆದ ಮೇಲೆ ಬರುತ್ತೇನೆ, ಬಂದರೆ ಬಂದವು ಅನ್ನು, ಬರದಿದ್ದರೆ ಬರಲಿಲ್ಲ ಅನ್ನು, ಎರಡೂ ನನಗೆ ಬೇಕಾದ್ದೇ ಎಂದು ಬಿಡಿಸಿ ಹೇಳಿದರು. ಪುಟ್ಟಮಾದಯ್ಯ ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ನನ್ನ ಕೆರೆಗೆ ಬರದ ಹಕ್ಕಿಯೇ ಇಲ್ಲ ಎಂದುಬಿಟ್ಟ. ಅಷ್ಟಕ್ಕೆ ನಿಲ್ಲದೆ ಊರೆಲ್ಲ ಸಾರಿಕೊಂಡೂ ಬಂದ.

ಆ ವರ್ಷ ಕೆರೆ ತುಂಬಿತ್ತು. ಹಬ್ಬ ಹತ್ತಿರ ಬಂದರೂ ನೀರು ದಡಕ್ಕೆ ತಾಗಿಯೇ ಇತ್ತು, ಕೆಸರಿನ ಸುಳಿವಿಲ್ಲ. ಆ ಪುಟ್ಟ ಹಕ್ಕಿಗಳು ಗುಂಪಾಗಿ ಒಂದು ಸುತ್ತು ಹಾಕಿ, ಕಾಲೂರಲು ಜಾಗ ಕಾಣದೆ ಹೊರಟುಹೋಗುತ್ತಿದ್ದವು. ಇವನಿಗೆ ತಲೆ ಬಿಸಿಯಾಯಿತು. ಮೇಷ್ಟ್ರ ಮುಂದೆ ಬರಲಿಲ್ಲ ಎನ್ನುವುದು ಹೇಗೆ? ಒಂದು ಬೆಳಿಗ್ಗೆ, ಯಾರ ಸರದಿಯೂ ಅಲ್ಲದ ದಿನ, ತೂಬಿನ ಬಿರಡೆ ಎತ್ತಿ ನೀರನ್ನು ಹಳ್ಳಕ್ಕೆ ತಿರುಗಿಸಿದ. ಯಾರೂ ಏಕೆಂದು ಕೇಳಲಿಲ್ಲ. ನೀರುಗಂಟಿ ತೂಬು ಎತ್ತಿದರೆ ಕೇಳುವವರು ಯಾರು? ಮೇಷ್ಟ್ರು ಬರುವ ತನಕ ಮುಚ್ಚಲಿಲ್ಲ.

ಕೆರೆ ಅಂಚು ಕಪ್ಪಗೆ ಹೊಳೆಯಿತು, ಹಕ್ಕಿಗಳು ಇಳಿದವು. ಮೇಷ್ಟ್ರು ಮಂಡಿಯುದ್ದ ಕೆಸರಿನಲ್ಲಿ ನಿಂತು ಮಕ್ಕಳ ಹಾಗೆ ನಕ್ಕರು. ಈ ಕಾಲಕ್ಕೆ ನೀರು ಪ್ರತಿ ವರ್ಷವೂ ಇಷ್ಟು ಇಳಿಯುತ್ತದೆಯೇ ಎಂದು ಕೇಳಿದರು.

"ಊಂ ಸಾ, ಯಾವಾಗ್ಲೂ ಇಂಗೇಯ" ಎಂದ ಪುಟ್ಟಮಾದಯ್ಯ.

ಬೇಸಗೆ ಬೆಳೆ ಹೊಡೆ ಬಿಚ್ಚಿ ತೆನೆ ಬರುವ ಹೊತ್ತಿಗೆ ಕೆರೆ ಬರಿದಾಯಿತು. ಕಾಲುವೆಯ ನೀರು ಮೇಲಿನ ಗದ್ದೆಗಳನ್ನು ದಾಟಲಿಲ್ಲ. ಎಲ್ಲರಿಗಿಂತ ಮೊದಲು ಒಣಗಿದ್ದು ಶಿವನಂಜಮ್ಮನ ಪೈರು. ಚಾವಡಿಯಲ್ಲಿ ಜನ ಸೇರಿ ನೀರು ಏನಾಯಿತೆಂದು ಕೇಳಿದರು. ಬಿರಡೆ ಸವೆದು ಸೋರಿಹೋಯಿತು ಎಂದ. ಗೌಡರು ನಂಬದೆ ಗದರತೊಡಗಿದಾಗ ಅವನ ಪರವಾಗಿ ಎದ್ದು ನಿಂತವಳು ಶಿವನಂಜಮ್ಮನೇ.

"ಅವ್ನ ಅನ್ಬ್ಯಾಡಿ. ಬಿರಡೆ ಸವ್ದೋದ್ರೆ ಅವ್ನೇನ್ ಮಾಡಾನು? ಒಣಗ್ದೋಳು ನಾನು, ನಾನೇ ಸುಮ್ಕಿವ್ನಿ. ನೀರ್ಲಿ ಮೋಸ ಮಾಡೋ ಕುಲವಲ್ಲ ಅವುಂದು."

ಗೌಡರು ಎದ್ದು ಹೊರಟರು. ಪುಟ್ಟಮಾದಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಮರುವರ್ಷ ಮೇಷ್ಟ್ರು ಮತ್ತೆ ಬಂದಾಗ ಎದುರಿಗೇ ಹೋಗದೆ, ಹುಷಾರಿಲ್ಲವೆಂದು ಹೆಂಡತಿಯ ಕೈಲಿ ಹೇಳಿಸಿದ. ಮುಂದೆ ಎಷ್ಟೋ ವರ್ಷ ತೂಬು ಕಾದ, ಒಮ್ಮೆಯೂ ತಪ್ಪು ಮಾಡಲಿಲ್ಲ, ಆದರೆ ಶಿವನಂಜಮ್ಮ ಎದುರಾದರೆ ದಾರಿ ಬದಲಿಸುತ್ತಿದ್ದ.

ದಾರಿ ಬದಲಿಸುವುದು ಶುರುವಾದದ್ದು ಆ ವರ್ಷದ ಕಟಾವಿನ ದಿನದಿಂದ. ಗದ್ದೆ ಕೊಯ್ದವರು ಮೊದಲ ಕಟ್ಟನ್ನು ನೀರುಗಂಟಿಗೆ ಕೊಡುವುದು ಊರ ಪದ್ಧತಿ. ಶಿವನಂಜಮ್ಮನ ಗದ್ದೆಯಲ್ಲಿ ಉಳಿದದ್ದು ಕಾಲುವೆ ಬಾಯಿಯ ಒಂದು ಮೂಲೆ ಮಾತ್ರ. ಅದನ್ನೇ ಕೊಯ್ದು, ತೆಳ್ಳನೆಯ ಒಂದು ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಅವನ ಬಾಗಿಲಿಗೆ ಬಂದಳು. ಈ ಸಲ ಕಮ್ಮಿ ಆಯಿತು, ಬೇಜಾರು ಮಾಡಿಕೊಳ್ಳಬೇಡ ಎಂದು ಅವಳೇ ನಾಚಿಕೊಂಡು ಹೇಳಿದಳು.

ಬೇಡ ಎನ್ನಬೇಕಾದರೆ ಏಕೆಂದು ಹೇಳಬೇಕಿತ್ತು. ಪುಟ್ಟಮಾದಯ್ಯ ಎರಡೂ ಕೈ ಚಾಚಿ ಈಸಿಕೊಂಡ.